ಬೀರುವಿನ ಹಿಂದೆ ಸಿಕ್ಕಿಕೊಂಡ ಶ್ರುತಿ

ರಾಯದುರ್ಗದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಇದುವರೆಗೆ ಬರೆದಿರುವುದೆಲ್ಲ ಕಚೇರಿಯ ಪತ್ರಗಳೇ. ತೆಲುಗಿನಲ್ಲಿ ಬಂದ ಸುತ್ತೋಲೆಗೆ ಕನ್ನಡದಲ್ಲಿ ಒಕ್ಕಣೆ, ಕನ್ನಡದಲ್ಲಿ ಬಂದ ಅರ್ಜಿಗೆ ತೆಲುಗಿನಲ್ಲಿ ಟಿಪ್ಪಣಿ, ಇಷ್ಟೇ ನನ್ನ ಅಭ್ಯಾಸ. ಸ್ವಂತ ಮನೆಯ ವಿಷಯ ಬರೆಯಲು ಕುಳಿತಾಗ ಯಾರನ್ನು ಉದ್ದೇಶಿಸಿ ಬರೆಯಬೇಕು, ಎಲ್ಲಿಂದ ಆರಂಭಿಸಬೇಕು ಎಂಬುದೇ ತಿಳಿಯದೆ ಬಹಳ ಹಾಳೆಗಳು ವ್ಯರ್ಥವಾದವು. ಕೊನೆಗೆ ನನಗೆ ಬರುವ ರೀತಿಯಲ್ಲೇ ಬರೆಯುವುದೆಂದು ತೀರ್ಮಾನಿಸಿ, ಓದುವ ಮಾನ್ಯರ ಅವಗಾಹನೆಗೆ ಈ ಕೆಳಕಂಡ ಸಂಗತಿಗಳನ್ನು ಸಲ್ಲಿಸುತ್ತಿದ್ದೇನೆ. ವಿಷಯವೇನೆಂದರೆ, ನಮ್ಮ ಮನೆಗೆ ತಂದ ತಂತಿಯಿಲ್ಲದ ಸ್ಪೀಕರುಗಳು, ಅವುಗಳಲ್ಲಿ ನುಡಿಯಬೇಕಾಗಿದ್ದ ನನ್ನ ತಂದೆಯವರ ಒಂದು ಸ್ವರ, ಮತ್ತು ನನ್ನ ಮಗಳ ಮದುವೆ.

ನಮ್ಮದು ಓಲಗದವರ ಮನೆತನ. ಮಡಕಶಿರಾ ಕಡೆ, ಹೇಮಾವತಿ ಗ್ರಾಮಕ್ಕೆ ಸಮೀಪದ ಹಳ್ಳಿಯೊಂದು ನಮ್ಮ ಮೂಲ. ನನ್ನ ತಾಯಿಯ ತಮ್ಮನೇ ನನ್ನ ಮಾವ; ಅವರ ಮಗಳನ್ನೇ ನಾನು ಮದುವೆಯಾಗಿದ್ದೇನೆ. ಮೇಳಕ್ಕೆ ಮಾವನವರು ಮುಖ್ಯಸ್ಥರು, ನಾಗಸ್ವರ ಊದುವವರು. ನನ್ನ ತಂದೆ ಅದೇ ಮೇಳದಲ್ಲಿ ಶ್ರುತಿ ಹಿಡಿಯುತ್ತಿದ್ದರು. ಶ್ರುತಿ ಹಿಡಿಯುವುದೆಂದರೆ ಒಂದೇ ಸ್ವರವನ್ನು ಎಡೆಬಿಡದೆ ಊದುತ್ತ ನಿಲ್ಲುವುದು. ಮೇಳ ಆರಂಭವಾಗುವ ಮೊದಲು ಅದು ಆರಂಭವಾಗಬೇಕು, ಎಲ್ಲರೂ ನಿಲ್ಲಿಸಿದ ನಂತರ ನಿಲ್ಲಬೇಕು. ನಾಗಸ್ವರದವರು ಉಸಿರು ತೆಗೆದುಕೊಳ್ಳಬಹುದು, ಡೋಲಿನವರು ಕೈ ಒರೆಸಿಕೊಳ್ಳಬಹುದು, ಶ್ರುತಿಯವರಿಗೆ ಆ ರಿಯಾಯಿತಿ ಇಲ್ಲ. ಮೂಗಿನಲ್ಲಿ ಎಳೆದುಕೊಂಡ ಗಾಳಿಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಬಿಡುತ್ತಲೇ ಇರಬೇಕು. ಇಷ್ಟಾದರೂ ಮದುವೆ ಮನೆಯಲ್ಲಿ ಮೇಳದವರಿಗೆ ಎಲೆ ಹಾಕುವಾಗ ಶ್ರುತಿಯವರ ಎಲೆ ಸಾಲಿನ ತುದಿಗೆ.

ಮಾವನವರು ಈ ವಿಷಯದಲ್ಲಿ ನನ್ನ ತಂದೆಯನ್ನು ಎಲ್ಲರೆದುರು ಹಾಸ್ಯ ಮಾಡುತ್ತಿದ್ದರು. "ನಮ್ ಭಾವಂಗೆ ಒಂದೇ ಸ್ವರ ಬರೋದು ಕಣ್ರಪ್ಪ. ಅದನ್ನೂ ಮರ್ತುಬಿಡ್ತಾನೆ ಅಂತ ಬಾಯಿಂದ ತೆಗೆಯಾಕಿಲ್ಲ" ಎನ್ನುತ್ತಿದ್ದರು. ತಂದೆ ನಕ್ಕು ಎಲೆಯಡಿಕೆ ಮಡಿಸುತ್ತಿದ್ದರು. ಭಾವ ಬಾಮೈದುನರ ನಡುವಿನ ಮಾತಾದ್ದರಿಂದ ನಾನು ಮಧ್ಯೆ ಪ್ರವೇಶಿಸಲಿಲ್ಲ. ನನಗಂತೂ ಉಸಿರು ಸಾಲದೆಂದು ಚಿಕ್ಕಂದಿನಲ್ಲೇ ಮೇಳದಿಂದ ಬಿಡುಗಡೆ ಮಾಡಿ ಶಾಲೆಗೆ ಹಾಕಿದ್ದರು.

ಕೆಲವು ವರ್ಷಗಳ ಹಿಂದೆ ಬಳ್ಳಾರಿಯ ಒಂದು ಸ್ಟುಡಿಯೋದವರು ಹಳ್ಳಿಯ ಓಲಗಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸ ಕೈಗೊಂಡಿದ್ದರು. ಅವರ ಆಹ್ವಾನದಂತೆ ನಮ್ಮ ಮೇಳವೂ ಹೋಗಿ ಮದುವೆಯ ಓಲಗವನ್ನು ದೇವರ ಪೂಜೆಯಿಂದ ಹಿಡಿದು ಗಟ್ಟಿಮೇಳದವರೆಗೆ ನುಡಿಸಿ ಬಂದಿತು. ಅದಾದ ಮರುವರ್ಷ ನನ್ನ ತಂದೆ ತೀರಿಕೊಂಡರು. ಅವರು ಊದಿದ್ದು ಮುದ್ರಣವಾಗಿ ಉಳಿದಿರುವುದು ಅದೊಂದೇ.

ಮಗಳಿಗೆ ಗುಂತಕಲ್ಲಿನ ಸಂಬಂಧ ನಿಶ್ಚಯವಾದಾಗ ಒಂದು ತೊಡಕು ಎದುರಾಯಿತು. ನಮ್ಮ ಮನೆತನದಲ್ಲಿ ಹೆಣ್ಣಿನ ತಾಯಿಯ ತಂದೆ ಇದ್ದರೆ ಧಾರೆಯ ಹೊತ್ತಿಗೆ ಅವರದೇ ಓಲಗ. ಆದರೆ ಮಾವನವರ ಮುಂದಿನ ಹಲ್ಲುಗಳು ಹೋಗಿ ತುಟಿಯಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ. ಆದ ಕಾರಣ ಬಳ್ಳಾರಿಯಲ್ಲಿ ಮುದ್ರಿಸಿದ್ದನ್ನೇ ಕಲ್ಯಾಣ ಮಂಟಪದಲ್ಲಿ ಹಾಕಿಸಬಹುದೆಂದು ನಾನು ಸಲಹೆ ಮಾಡಿದೆ. ಮಗಳು ತನ್ನ ಮೊಬೈಲಿನಲ್ಲಿ ಅದನ್ನು ಕೇಳಿಸಿದಳು. ಮಾವನವರು ಸ್ವಲ್ಪ ಹೊತ್ತು ಕೇಳಿ ಮೊಬೈಲನ್ನು ದೂರ ತಳ್ಳಿದರು.

"ಶ್ರುತಿ ಎಲ್ಲಮ್ಮ? ಇದು ಸೊಳ್ಳೆ ಗುಂಯ್ ಅಂದಂಗೈತೆ."

"ಶ್ರುತಿ ಐತಿ ತಾತ, ಫೋನಿನ ಸ್ಪೀಕರಿನ್ಯಾಗ ಕೇಳ್ಸಂಗಿಲ್ಲ ಅಷ್ಟ."

"ಕೇಳ್ಸದೇ ಇದ್ಮೇಲೆ ಇದ್ದು ಏನ್ ಮಾಡ್ತೈತೆ? ಶ್ರುತಿ ಇಲ್ದಲೆ ಧಾರೆ ಎರೀತಾರಾ? ಮೊದ್ಲಿಂದ ಕೊನೇತಂಕ, ಒಂದ್ ಕಡೆನೂ ಕಡೀದಂಗೆ ನನ್ ಕಿವಿಗೆ ಕೇಳ್ಸಿ. ಆಮ್ಯಾಕೆ ಹೂಂ ಅಂತೀನೋ ಊಹೂಂ ಅಂತೀನೋ ನೋಡಾಣ."

ಅವರ ಷರತ್ತು ಇಷ್ಟೇ. ನನ್ನ ಮನಸ್ಸಿನಲ್ಲಿದ್ದುದನ್ನು ನಾನು ಯಾರಿಗೂ ತಿಳಿಸಿರಲಿಲ್ಲ. ಆ ಮುದ್ರಣ ಮಂಟಪದಲ್ಲಿ ನುಡಿದರೆ ಮೊಮ್ಮಗಳ ಕೊರಳಿಗೆ ತಾಳಿ ಬೀಳುವ ಹೊತ್ತಿನಲ್ಲಿ ನನ್ನ ತಂದೆಯ ಉಸಿರೂ ಅಲ್ಲಿರುತ್ತದೆ. ನನಗೆ ಬೇಕಾಗಿದ್ದುದು ಅದು.

ಮಗಳು ಕಂಪ್ಯೂಟರ್ ಓದಿದವಳು. ಅವಳು ವಿವರಿಸಿದ ಪ್ರಕಾರ ನಮ್ಮಲ್ಲಿದ್ದ ಪೆನ್‌ಡ್ರೈವಿನ ಪ್ರತಿ ಕುಗ್ಗಿಸಿದ್ದು. ಕಿವಿಗೆ ಅಷ್ಟಾಗಿ ಬೇಡವೆಂದು ಯಂತ್ರಕ್ಕೆ ತೋರಿದ್ದನ್ನೆಲ್ಲ ತೆಗೆದುಹಾಕಿ ಸಣ್ಣದು ಮಾಡಿದ್ದು. ಸ್ಟುಡಿಯೋದವರು ಏನನ್ನೂ ತೆಗೆಯದ ಪೂರ್ಣ ಪ್ರತಿಯನ್ನೂ ಇಂಟರ್ನೆಟ್ಟಿನಲ್ಲಿ ಕಳುಹಿಸಿದ್ದರು. ಅದಕ್ಕೆ ಲಾಸ್‌ಲೆಸ್ ಎನ್ನುತ್ತಾರೆ. ಅದು ಅವಳ ಖಾತೆಯಲ್ಲಿ ಭದ್ರವಾಗಿತ್ತು. ನನಗೆ ಅರ್ಥವಾದ ಮಟ್ಟಿಗೆ ಒಂದು ಕಡತದ ಸಾರಾಂಶ, ಇನ್ನೊಂದು ಅಕ್ಷರ ಬಿಡದ ದೃಢೀಕೃತ ನಕಲು. ಸಾರಾಂಶ ಬರೆಯುವವನು ಮೊದಲು ಬಿಟ್ಟುಬಿಡುವುದು ಯಾವುದನ್ನು ಎಂಬುದು ಗುಮಾಸ್ತನಾದ ನನಗೆ ಗೊತ್ತು. ಎಲ್ಲಾ ಪುಟದಲ್ಲೂ ಒಂದೇ ರೀತಿ ಇರುವುದನ್ನು ಬಿಡುತ್ತಾನೆ. ಶ್ರುತಿಯೂ ಹಾಗೆಯೇ ಹೋಗಿರಬೇಕೆಂದು ನಾನು ಭಾವಿಸಿದೆ. ಪೂರ್ಣ ಪ್ರತಿಯನ್ನು ನುಡಿಸಲು ಒಳ್ಳೆಯ ಸ್ಪೀಕರು ಬೇಕೆಂದು ಮಗಳು ಹೇಳಿದ್ದರಿಂದ ಬಳ್ಳಾರಿಗೆ ಹೋಗಿ ಒಂದು ಜೊತೆ ತಂದೆವು. ಬೂದು ಬಟ್ಟೆ ಸುತ್ತಿದ, ರಾಗಿ ಅಳೆಯುವ ಸೇರಿನಂತಹ ಎರಡು ದುಂಡನೆಯ ವಸ್ತುಗಳು. ಕರೆಂಟಿನ ವೈರೊಂದನ್ನು ಬಿಟ್ಟರೆ ಬೇರೆ ಯಾವ ವೈರೂ ಇಲ್ಲ. ಪೆನ್‌ಡ್ರೈವ್ ಹಾಕುವುದಕ್ಕೆ ಒಂದು ತೂತು ಸಹ ಇಲ್ಲ. ಇಂಟರ್ನೆಟ್ಟಿನಿಂದ ಓಲಗ ಮನೆಯ ವೈಫೈ ಪೆಟ್ಟಿಗೆಗೆ ಬರಬೇಕು, ಪೆಟ್ಟಿಗೆಯಿಂದ ಗಾಳಿಯಲ್ಲಿ ಸ್ಪೀಕರಿಗೆ ಬರಬೇಕು. ಮಗಳು ಒಂದನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಅಡಿಗೆಮನೆಯಲ್ಲಿ ಇಟ್ಟಳು.

ಮಾವನವರು ಕಲ್ಯಾಣದುರ್ಗದ ಮೇಲೆ ಬರುವ ಬಸ್ಸಿನಲ್ಲಿ ಬಂದಿಳಿದರು. ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಪಡಸಾಲೆಯ ಚಾಪೆಯ ಮೇಲೆ ಸಂಗೀತ ಕಛೇರಿಗೆ ಕುಳಿತಂತೆ ನೆಟ್ಟಗೆ ಕುಳಿತರು. ಮಗಳು ಮೊಬೈಲ್ ಒತ್ತಿದಳು. ಶ್ರುತಿ ಆರಂಭವಾಯಿತು. ಸೊಳ್ಳೆಯಲ್ಲ, ಎದೆಯ ಒಳಗಿನಿಂದ ಬಂದ ಸ್ವರ. ನನ್ನ ತಂದೆ ಊದುವ ಮುನ್ನ ಪೀಪಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಳ್ಳುವ ಸಣ್ಣ ಸದ್ದು ಸಹ ಇತ್ತು. ಮಾವನವರ ಹುಬ್ಬು ಮೇಲೇರಿತು. ನಾಗಸ್ವರ ಸೇರಿತು, ಡೋಲು ಸೇರಿತು, ಒಂದು ಸುತ್ತು ಮುಗಿಯಿತು, ಎರಡನೆಯ ಸುತ್ತಿನ ಮಧ್ಯೆ ಸ್ಪೀಕರು ಬಾಯಿ ಮುಚ್ಚಿತು.

ನಾವೆಲ್ಲ ಅದರ ಮುಖ ನೋಡಿದೆವು. ಅದರ ನೆತ್ತಿಯಲ್ಲಿ ಒಂದು ದೀಪ ಮಿಣಮಿಣ ಎನ್ನುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಏನೂ ಆಗಿಲ್ಲವೆಂಬಂತೆ ಮುಂದಿನಿಂದ ಶುರುವಾಯಿತು. ಪುನಃ ನಿಂತಿತು.

"ಏನಂತೆ ಅದಕ್ಕೆ?" ಎಂದರು ಮಾವನವರು.

"ಬಫರ್ ಆಗಕತ್ತೈತಿ ತಾತ."

"ಬಫರೋ ಬೆಪ್ಪರೋ. ನಾನು ಕಾಫಿ ಕುಡ್ಕಂಡ್ ಬತ್ತೀನಿ, ಅಷ್ಟ್ರಾಗೆ ಅದೂ ಏನಾರ ಕುಡ್ಕಳ್ಳಿ."

ಮರುದಿನವೂ ಅದೇ ಕಥೆ. ಮೂರನೆಯ ಸುತ್ತು ದಾಟಿದ್ದೇ ಇಲ್ಲ. ಇಂಟರ್ನೆಟ್ಟಿನವರಿಗೆ ದೂರು ಸಲ್ಲಿಸಿದೆ. ಬಂದ ವ್ಯಕ್ತಿ ಬಾಗಿಲಲ್ಲೇ ನಿಂತು ತನ್ನ ಮೊಬೈಲಿನಲ್ಲಿ ಏನನ್ನೋ ನೋಡಿದನು.

"ನಮ್ ಕಡಿಂದ ಎಲ್ಲಾ ಓಕೆ ಐತ್ರಿ ಸಾರ್. ಸ್ಪೀಡ್ ಫುಲ್ ಬರಾಕತ್ತೈತಿ. ನಿಮ್ ಸ್ಪೀಕರ್ ಕಂಪ್ನೇರನ್ನ ಕೇಳ್ರಿ."

ಸ್ಪೀಕರಿನ ಅಂಗಡಿಗೆ ಫೋನ್ ಮಾಡಿದೆ. ಅವರು, "ನಮ್ ಮಾಲಿಗೆ ಏನೂ ಆಗಿರಂಗಿಲ್ರಿ, ನಿಮ್ ನೆಟ್ಟಿನವ್ರನ್ನ ಕೇಳ್ರಿ" ಎಂದರು. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಕಡತ ಓಡಾಡುವುದನ್ನು ನಾನು ಜೀವನವಿಡೀ ಕಂಡಿದ್ದೇನೆ. ಅದೇ ಓಡಾಟ ನನ್ನ ಪಡಸಾಲೆಗೆ ಬಂದು ಕುಳಿತದ್ದನ್ನು ಕಂಡು ಕುದಿದುಹೋದೆ. ಆದರೂ ಎರಡೂ ಕಡೆಯವರಿಗೆ ಧನ್ಯವಾದ ಹೇಳಿದೆ. ಅದೊಂದು ಅಭ್ಯಾಸ ನನ್ನನ್ನು ಬಿಡುವುದಿಲ್ಲ.

ನಮ್ಮ ಮನೆ ಕೋಟೆಬೆಟ್ಟದ ಬುಡದಲ್ಲಿದೆ. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟು. ಅಲ್ಲಿನ ಮೋಟಾರುಗಳಿಂದಲೇ ತೊಂದರೆಯಾಗುತ್ತಿರಬಹುದೆಂದು ಶಾಲೆಯ ವಿಜ್ಞಾನದ ಮೇಷ್ಟ್ರು ಅಭಿಪ್ರಾಯಪಟ್ಟರು. ಯೂನಿಟ್ಟಿನ ಮೇಲ್ವಿಚಾರಕಿಯನ್ನು ಕಂಡು, ಒಂದು ಓಲಗ ಮುಗಿಯುವಷ್ಟು ಹೊತ್ತು ಮಿಷನ್ನು ನಿಲ್ಲಿಸಲು ಸಾಧ್ಯವೇ ಎಂದು ವಿನಂತಿಸಿಕೊಂಡೆ. ಅವರು ಹಲ್ಲಿನಲ್ಲಿ ಕಚ್ಚಿದ್ದ ದಾರವನ್ನು ತೆಗೆದು ಹೇಳಿದರು.

"ಸಾರ್, ನಮ್ ಮಿಷನ್ನು ನಿಮ್ ಓಲಗ ಎಳ್ಕಂತಾವಂದ್ರ ನಾವು ಪ್ಯಾಂಟ್ ಹೊಲಿಯೋದು ಬಿಟ್ಟು ಮದ್ವಿ ಮಾಡಸ್ತಿದ್ವಿ. ಊಟಕ್ಕ ಬಿಟ್ಟಾಗ ಹಾಕ್ಕೋರ್ರಿ, ಯಾರ್ ಬ್ಯಾಡಂತಾರ."

ಅದರಂತೆ ಊಟಕ್ಕೆ ಬಿಟ್ಟಾಗ ಹಾಕಿದೆವು. ಬೀದಿ ನಿಶ್ಶಬ್ದವಾಗಿತ್ತು. ಸ್ಪೀಕರು ಎಂದಿಗಿಂತ ಮೊದಲೇ ನಿಂತಿತು. ಮಗಳು ತನ್ನ ಮೊಬೈಲಿನ ಡೇಟಾವನ್ನು ಜೋಡಿಸಿ ನೋಡಿದಳು. ಬೆಟ್ಟದ ಮರೆಯಲ್ಲಿ ಅದು ಮಾತಿಗೇ ಸಾಲದು, ಪೂರ್ಣ ಪ್ರತಿಗೆ ಎಲ್ಲಿಂದ ಸಾಲಬೇಕು. ಇಯರ್‌ಫೋನ್ ಕೊಡಲು ಹೋದಾಗ ಮಾವನವರು ಕಿವಿ ಮುಚ್ಚಿಕೊಂಡರು. "ಓಲಗ ಅನ್ನೋದು ಬೀದಿಗೆ ಊದೋದು ಕಣಮ್ಮ. ಕಿವ್ಯಾಗೆ ತುರುಕೋಕೆ ಅದೇನು ಹತ್ತಿಯಾ?"

ಈ ಮಧ್ಯೆ ಅಡಿಗೆಮನೆಯ ಸ್ಪೀಕರನ್ನೂ ಕೂಡಿಸಿದರೆ ಒಂದಕ್ಕೊಂದು ಬಲವಾಗಬಹುದೆಂದು ಮಗಳು ಎರಡನ್ನೂ ಒಟ್ಟಿಗೆ ನುಡಿಸಿದಳು. ಪಡಸಾಲೆಯಲ್ಲಿ ಡೋಲಿನ ಪೆಟ್ಟು ಬಿದ್ದ ಮೇಲೆ ಅರೆಗಳಿಗೆ ತಡವಾಗಿ ಅಡಿಗೆಮನೆಯಲ್ಲಿ ಅದೇ ಪೆಟ್ಟು ಬೀಳತೊಡಗಿತು. ಮಾವನವರು ಎದ್ದು ಒಳಗೆ ಇಣುಕಿ ನೋಡಿದರು.

"ಯಾವನ್ಲಾ ಅವ್ನು ಹಿಂದಿಂದೆ ಬಾರ್ಸೋನು? ನನ್ ಮ್ಯಾಳದಾಗೆ ಇಂಥೋನು ಇರ್ಲಿಲ್ಲ."

"ಅವ್ನೇ ಕಣಪ್ಪ. ಎಲ್ಡನೇ ಪಂಕ್ತಿಗೆ ಉಂಡ್ಕಂಡು ಬಂದವ್ನೆ, ಅದಕ್ಕೇ ತಡ" ಎಂದಳು ನನ್ನ ಹೆಂಡತಿ, ಒಗ್ಗರಣೆ ಹಾಕುತ್ತಲೇ.

ಮಾವನವರೂ ಅವಳೂ ನಕ್ಕರು. ನನಗೆ ನಗು ಬರಲಿಲ್ಲ. ಮದುವೆ ಹತ್ತಿರವಾಗುತ್ತಿತ್ತು. ಮಂಟಪದ ಸೌಂಡಿನವರು, "ಏನ್ ಹಾಕ್ಬೇಕು ಹೇಳ್ಬಿಡ್ರಿ ಸಾರ್, ಇಲ್ಲಂದ್ರ ನಮ್ ಹತ್ರ ಇರೋದೇ ಹಾಕ್ತೀವಿ" ಎಂದು ದಿನವೂ ಕೇಳುತ್ತಿದ್ದರು. ಎಲ್ಲರ ಮದುವೆಗೂ ಹಾಕುವ ಯಾವುದೋ ಊರಿನ ಯಾರದೋ ಓಲಗ ಅವರ ಬಳಿ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಬೇಸತ್ತು, ನುಡಿಯುತ್ತಿದ್ದ ಸ್ಪೀಕರನ್ನೇ ಕೈಗೆತ್ತಿಕೊಂಡು ಮನೆಯಲ್ಲಿ ಸುತ್ತತೊಡಗಿದೆ. ಉದ್ದನೆಯ ಕರೆಂಟ್ ವೈರು ನನ್ನ ಹಿಂದೆ ಬಾಲದಂತೆ ಎಳೆದುಕೊಂಡು ಬರುತ್ತಿತ್ತು. ಪಡಸಾಲೆಯಲ್ಲಿ ನಿಲ್ಲುತ್ತದೆ, ದೇವರ ಮೂಲೆಯಲ್ಲಿ ನಿಲ್ಲುತ್ತದೆ, ನಡುಮನೆಗೆ ಕಾಲಿಟ್ಟರೂ ನಿಲ್ಲುತ್ತದೆ. ನಡುಮನೆಯ ಗೋಡೆ ಮತ್ತು ಮಗಳ ಬೀರುವಿನ ನಡುವಿನ ಸಂದಿಗೆ ಹೋದ ಕೂಡಲೇ ಓಲಗ ಹೊಳೆಯಂತೆ ಹರಿಯಿತು. ಹೊರಗೆ ಬಂದೆ, ನಿಂತಿತು. ಒಳಗೆ ಹೋದೆ, ಹರಿಯಿತು.

ಪರಿಶೀಲಿಸಲಾಗಿ ಕಂಡುಬಂದ ಸಂಗತಿ ಏನೆಂದರೆ, ವೈಫೈ ಪೆಟ್ಟಿಗೆ ಇದ್ದ ಗೋಡೆಯ ಗೂಡಿಗೆ ಎದುರಾಗಿ ಬೀರು ನಿಂತಿತ್ತು. ಮದುವೆಗೆ ಕೊಡುವ ಬೀರು. ಬಳ್ಳಾರಿಯಿಂದ ಬಂದ ದಪ್ಪ ತಗಡಿನದು. ಅದರೊಳಗೆ ನನ್ನ ಹೆಂಡತಿ ಮಗಳಿಗೆಂದು ಕೂಡಿಸಿದ ಸ್ಟೀಲ್ ಡಬರಿ, ಬಿಂದಿಗೆ, ತಟ್ಟೆ, ಹಿತ್ತಾಳೆಯ ಹಂಡೆ ಎಲ್ಲವನ್ನೂ ಸೂಜಿ ಹಾಕಲು ಜಾಗವಿಲ್ಲದಂತೆ ತುಂಬಿದ್ದಳು. ಮಂಚ ಹಾಸಿಗೆಗೆ ಜಾಗ ಬಿಡಬೇಕೆಂದು ಬೀರುವನ್ನು ಗೂಡಿನ ಮುಂದಕ್ಕೆ ತಳ್ಳಿಸಿದವಳೂ ಅವಳೇ. ಕಲ್ಲಿನ ಗೋಡೆಗೂ ತಗಡಿಗೂ ನಡುವೆ ನಮ್ಮ ಇಂಟರ್ನೆಟ್ಟು ಕೈದಿಯಾಗಿತ್ತು.

"ಸ್ವಲ್ಪ ಆ ಕಡೆ ಸರಿಸೋಣ" ಎಂದೆ.

"ಏನ್ರೀ ಹಿಂಗಂತೀರಾ? ಅರಿಸಿನ ಕುಂಕುಮ ಹಚ್ಚಿ, ಮಡಿಲಕ್ಕಿ ಹಾಕಿ, ಆರತಿ ಎತ್ತೈತೆ. ಇನ್ನ ಅದು ಹೊಸ್ಲು ದಾಟೋಕೆ ಎದ್ರೇ ಏಳ್ಬೇಕು."

ಇದು ನಮ್ಮ ಕಡೆಯ ಪದ್ಧತಿ. ಹೆಣ್ಣಿನ ಜೊತೆ ಹೋಗುವ ಸಾಮಾನಿಗೆ ಒಮ್ಮೆ ಪೂಜೆಯಾದರೆ ಅದು ಗಂಡಿನ ಮನೆಗೆ ಹೊರಡುವ ದಿನದವರೆಗೆ ಇದ್ದಲ್ಲೇ ಇರಬೇಕು. ಮನೆಯೊಳಗೇ ಜಾಗ ಬದಲಿಸಿದರೆ ಹುಡುಗಿಗೆ ಹೋದಲ್ಲಿ ನೆಲೆ ನಿಲ್ಲುವುದಿಲ್ಲವೆನ್ನುತ್ತಾರೆ. ನಾನು ಒಂದು ಗೇಣು ಎಂದೆ. ಅವಳು ಗೇಣಿಗೂ ಮಾರಿಗೂ ದೋಷ ಒಂದೇ ಎಂದಳು. ತೀರ್ಪಿಗಾಗಿ ಮಾವನವರ ಕಡೆ ನೋಡಿದೆ.

"ನನ್ನ್ಯಾಕೆ ನೋಡ್ತೀಯ ಅಳಿಯಾ. ಆ ಬೀರುಗೆ ಪೂಜೆ ಆಗೋವಾಗ ವಾದ್ಯ ಇಲ್ದಲೆ ಬಾಯಾಗೇ ಪೀ ಪೀ ಅಂತ ಓಲಗ ಮಾಡಿದ್ದೇ ನಾನು. ಈಗ ಕದಲ್ಸು ಅನ್ಲಾ?"

ವೈಫೈ ಪೆಟ್ಟಿಗೆಯನ್ನಾದರೂ ಬೇರೆಡೆಗೆ ಒಯ್ಯಬೇಕೆಂದರೆ ವೈರು ಗಿಡ್ಡ. ಇಂಟರ್ನೆಟ್ಟಿನವನಿಗೆ ಪುನಃ ವಿನಂತಿಸಿದೆ. "ಹೊಸಾ ವೈರ್ ಎಳಿಬೇಕಂದ್ರ ಮ್ಯಾಲಿಂದ ಟಿಕೆಟ್ ಬರ್ಬೇಕ್ರಿ ಸಾರ್. ಬಂದ್ ಕೂಡ್ಲೆ ನಾನೇ ಬರ್ತನಿ" ಎಂದನು. ಟಿಕೆಟ್ ಎಂದರೆ ಅವರಲ್ಲಿ ಮೇಲಿನ ಕಚೇರಿಯ ಅಪ್ಪಣೆ. ಒಂದು ಬೀರು, ಒಂದು ಟಿಕೆಟ್ಟು. ಎರಡೂ ತಮ್ಮ ಸಮಯ ಬಾರದೆ ಕದಲುವುದಿಲ್ಲ. ನನಗೆ ಆ ದಿನ ಎಷ್ಟು ಸಿಟ್ಟು ಬಂದಿತೆಂದರೆ, ಮಗಳ ಮದುವೆಯ ಬೀರು ಎಂಬುದನ್ನೂ ಮರೆತು ಅದರ ಬೆನ್ನಿಗೆ ಒಂದು ಗುದ್ದು ಗುದ್ದಿದೆ. ಒಳಗಿದ್ದ ಡಬರಿಗಳೆಲ್ಲ ಒಟ್ಟಿಗೆ ಝಲ್ಲೆಂದವು. ಹೆಂಡತಿ ನಾಲ್ಕು ದಿನ ಮಾತು ಬಿಟ್ಟಳು.

ದಾರಿ ಕಂಡುಕೊಂಡವರು ಮಾವನವರೇ. ಬೀರು ಕದಲುವುದಿಲ್ಲ, ಪೆಟ್ಟಿಗೆ ಕದಲುವುದಿಲ್ಲ. ಇನ್ನು ಕದಲಬೇಕಾದವರು ತಾವೇ ಎಂದು ಹೇಳಿ ಅಡಿಗೆಮನೆಯ ಸ್ಟೂಲನ್ನು ತೆಗೆದುಕೊಂಡು ಸಂದಿಯೊಳಗೆ ಅಡ್ಡಡ್ಡಲಾಗಿ ಹೊಕ್ಕರು. ಅವರ ದೇಹ ಸಣ್ಣದು. ಸ್ಟೂಲಿನ ಮೇಲೆ ಕುಳಿತು ಸ್ಪೀಕರನ್ನು ತೊಡೆಯ ಮೇಲೆ ಇಟ್ಟುಕೊಂಡರು. ಒಂದು ಕಡೆ ಸುಣ್ಣದ ಗೋಡೆ, ಇನ್ನೊಂದು ಕಡೆ ಬಣ್ಣ ಬಳಿಯದ ತಗಡಿನ ಬೆನ್ನು. ತಲೆಯ ಮೇಲಿನ ಗೂಡಿನಲ್ಲಿ ಹಸಿರು ದೀಪ.

"ಅಪ್ಪಾ, ಬೀರುಗೆ ಭುಜ ತಾಗಿಸ್ಬ್ಯಾಡ" ಎಂದಳು ಹೆಂಡತಿ ಹೊರಗಿನಿಂದ.

"ತಾಗಿದ್ರೆ ನಾನೂ ಅದ್ರ ಜೊತೆಗೇ ಗುಂತಕಲ್ಲಿಗೆ ಓಯ್ತೀನಿ ಬಿಡು. ಹಾಕಮ್ಮ ನೀನು."

ಸಂದಿಯ ಬಾಯಿಯಲ್ಲಿ ನಾನು ನಿಂತೆ. ಶ್ರುತಿ ಶುರುವಾಯಿತು. ತಂದೆ ನಾಲಗೆಯಿಂದ ಪೀಪಿ ಒದ್ದೆ ಮಾಡಿಕೊಂಡರು, ಸ್ವರ ಮೊದಲು ಕಂಪಿಸಿತು, ನಂತರ ನಿಂತಿತು. ಆ ಇಕ್ಕಟ್ಟಿನಲ್ಲಿ ತಗಡು ಸಹ ಅದಕ್ಕೆ ಸಣ್ಣಗೆ ಸ್ಪಂದಿಸುತ್ತಿತ್ತು. ಒಂದು ಸುತ್ತು, ಎರಡು, ಮೂರು. ಎಲ್ಲೂ ಕಡಿಯಲಿಲ್ಲ. ಮಾವನವರ ಬೆರಳುಗಳು ಸ್ಪೀಕರಿನ ಬಟ್ಟೆಯ ಮೇಲೆ ಇಲ್ಲದ ರಂಧ್ರಗಳನ್ನು ಮುಚ್ಚಿ ತೆರೆಯುತ್ತಿದ್ದವು. ನಾನು ನಿರಾಳನಾಗಿ, ಮಂಟಪದ ಸೌಂಡಿನವರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದೆ.

ಗಟ್ಟಿಮೇಳ ಬಂದಿತು. ತಾಳಿ ಕಟ್ಟುವ ಹೊತ್ತಿಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಏರಬೇಕಾದ ಕಡೆ. ಅಲ್ಲಿ ಮಾವನವರ ಬೆರಳುಗಳು ಥಟ್ಟನೆ ನಿಂತವು. ಮುಗಿಯುವವರೆಗೂ ಅವರು ಅಲುಗಲಿಲ್ಲ. ಎಲ್ಲ ನಿಂತ ಮೇಲೆ ಶ್ರುತಿ ಒಂದೇ ಉಳಿದು, ಅದೂ ನಿಂತಿತು.

"ಕೊನೇದು ಇನ್ನೊಂದ್ ಸಲ ಹಾಕು" ಎಂದರು.

ಮಗಳು ಹಾಕಿದಳು.

"ಇನ್ನೊಂದ್ ಸಲ."

ಮೂರನೆಯ ಬಾರಿ ಕೇಳುವಾಗ ನನಗೂ ತಿಳಿಯಿತು. ಡೋಲು ಅಬ್ಬರಿಸುವ ಜಾಗದಲ್ಲಿ ನಾಗಸ್ವರ ಒಂದು ಗಳಿಗೆ ಇಲ್ಲವೇ ಇಲ್ಲ. ಮಾವನವರ ಉಸಿರು ಮುಗಿದಿತ್ತು. ಅಲ್ಲಿ ಶ್ರುತಿ ಉಬ್ಬಿ ಮುಂದೆ ಬಂದಿತ್ತು, ಬೀಳುವವರ ಬೆನ್ನಿಗೆ ಕೈ ಕೊಟ್ಟ ಹಾಗೆ. ನಾಗಸ್ವರ ಮರಳಿದ ಕೂಡಲೇ ಮತ್ತೆ ಹಿಂದೆ ಸರಿದಿತ್ತು. ಮೊಬೈಲಿನಲ್ಲಿ ಈ ಸಂಗತಿ ಯಾರಿಗೂ ಕೇಳಿಸಿರಲಿಲ್ಲ.

"ಭಾವ ಮುಂದಕ್ಕೆ ಬಂದವ್ನೆ ನೋಡು ಇಲ್ಲಿ" ಎಂದರು ಮಾವನವರು. "ನಾನು ಮುಂದೆ ನಿಂತಿರ್ತಿದ್ದೆ, ಅವ್ನು ಹಿಂದೆ. ನಂಗೆಲ್ಲಿ ಗೊತ್ತಾಗ್ಬೇಕು. ಎಷ್ಟು ಮದ್ವೆಯಾಗೆ ಇಂಗೆ ಮಾಡವ್ನೋ."

ಸ್ಪೀಕರನ್ನು ತೊಡೆಯಿಂದ ಕೆಳಗಿಟ್ಟು, "ಇದು ಧಾರೆಗೆ ಬ್ಯಾಡ" ಎಂದರು.

ನಾನು ಕೇಳಿದ್ದು ಸರಿಯೇ ಎಂದು ಖಚಿತಪಡಿಸಿಕೊಳ್ಳಬೇಕಾಯಿತು. ಮಂಟಪದ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲವೆಂದು ವಾದಿಸಿದೆ. ತಮ್ಮ ಕಿವಿಗೆ ಬಿದ್ದಿದೆಯಲ್ಲ ಎಂದರು. ಇಷ್ಟು ದಿನಗಳ ಅಲೆದಾಟ, ದೂರು, ಜಗಳ ಎಲ್ಲವೂ ಇಲ್ಲವೆಂಬ ಒಂದು ಉತ್ತರಕ್ಕಾಗಿಯೇ ಆದಂತಾಯಿತು. ಸ್ಪೀಕರು ಎಂದಿನಂತೆ ಕೆಟ್ಟಿದ್ದರೆ ಚೆನ್ನಾಗಿತ್ತು. ಆಗ ಅವರನ್ನು ಹೇಗಾದರೂ ಒಪ್ಪಿಸಬಹುದಿತ್ತು. ಕಡೆಗೆ ಹೇಳಬಾರದೆಂದು ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

"ಮಾವ, ಅದ್ರಾಗೆ ಅಪ್ಪ ಅವ್ನೆ."

ಮಾವನವರು ಅಡ್ಡಡ್ಡಲಾಗಿ ಸಂದಿಯಿಂದ ಹೊರಬಂದರು. ಬೆನ್ನಿಗೆಲ್ಲ ಸುಣ್ಣ ಮೆತ್ತಿತ್ತು.

"ಅವ್ನೆ ಅಂತ್ಲೇ ಬ್ಯಾಡ ಅಂದಿದ್ದು. ಮೊಮ್ಮಗಳ ಮದ್ವೆ ದಿನಾನೂ ನನ್ನ ಎತ್ತಿ ಹಿಡ್ಕಂಡು ನಿಂತಿರ್ಬೇಕಾ ಅವ್ನು?"

ನಾನು ಅವರ ಬೆನ್ನಿನ ಸುಣ್ಣ ಒರೆಸಿದೆ. ಒಪ್ಪಿಗೆ ಮಾತ್ರ ಕೊಡಲಿಲ್ಲ. ಅವರು ಮಗಳ ಮೊಬೈಲಿನಿಂದಲೇ ಊರಿಗೆ ಫೋನ್ ಮಾಡಿಸಿ ತಮ್ಮ ತಮ್ಮನ ಮಗನೊಡನೆ ಮಾತನಾಡಿದರು. "ನಾಗಸ್ವರ ತಗಂಡು ನೀನು ಬಾ, ಡೋಲಿನವ್ರಿಗೂ ಹೇಳು. ಶ್ರುತಿಗೆ ಯಾರ್ನೂ ಕರ್ಕಂಬರ್ಬ್ಯಾಡ. ಇಲ್ಲೇ ಒಬ್ಬ ಆಳು ಸಿಕ್ಕವ್ನೆ."

ಮದುವೆಯ ದಿನ ಮಾವನವರು ಹಲ್ಲಿಲ್ಲದ ಬಾಯಿಗೆ ಬದಲಾಗಿ ಕೈಯಿಂದ ಒತ್ತುವ ಶ್ರುತಿ ಪೆಟ್ಟಿಗೆಯನ್ನು ಹಿಡಿದು, ಮೇಳದ ಹಿಂದುಗಡೆ, ಕಂಬದ ಪಕ್ಕ ಕುಳಿತರು. ನೆಂಟರು ಬಂದು, "ಇದ್ಯಾಕೆ ಇಲ್ಲಿ ಕುಂತೆ, ಮುಂದಕ್ಕೆ ಬಾ" ಎಂದು ಕರೆದರು. "ಇದಕ್ಕೆ ಹಲ್ಲು ಬ್ಯಾಡಂತೆ, ಗಾಳಿ ಇದ್ರೆ ಸಾಕಂತೆ, ಅದಕ್ಕೇ ಕೊಟ್ಟವ್ರೆ ನಂಗೆ" ಎಂದರು. ಧಾರೆಯ ಹೊತ್ತಿಗೆ ಗಟ್ಟಿಮೇಳ ಏರಿತು. ಅಕ್ಷತೆ ಬೀಳುತ್ತಿತ್ತು, ಫೋಟೋದವನು ಎಲ್ಲರನ್ನೂ ತಳ್ಳುತ್ತಿದ್ದನು. ಮಗಳ ತಲೆಯ ಮೇಲೆ ಕೈಯಿಟ್ಟು ನಿಂತಿದ್ದ ನನ್ನ ಗಮನವೆಲ್ಲ ಕಂಬದ ಕಡೆಗಿತ್ತು. ನಾಗಸ್ವರದ ಹುಡುಗನು ಉಸಿರಿಗಾಗಿ ನಿಲ್ಲಿಸಿದ ಆ ಗಳಿಗೆಯಲ್ಲಿ ಮಾವನವರು ಪೆಟ್ಟಿಗೆಯ ಮೇಲೆ ಪೂರ್ತಿ ಬಾಗಿದರು. ಶ್ರುತಿ ಮೇಲೆದ್ದಿತು. ಅದು ನನ್ನ ತಂದೆಯವರದಲ್ಲ. ಅವರದಾಗಿರಲಿ ಎಂಬ ಆಸೆ ನನ್ನನ್ನು ಆಗಲೂ ಬಿಟ್ಟಿರಲಿಲ್ಲ.

ಊಟದ ಹೊತ್ತಿಗೆ ಮಾವನವರನ್ನು ಬೀಗರ ಸಾಲಿಗೆ ಕರೆದೊಯ್ಯಲು ಹುಡುಕಿದೆ. ಮೇಳದವರ ಸಾಲಿನ ತುದಿಯ ಎಲೆಯ ಮುಂದೆ ಕುಳಿತು ಹಪ್ಪಳಕ್ಕೆ ಕಾಯುತ್ತಿದ್ದರು. ಕೈ ಹಿಡಿದು ಎಬ್ಬಿಸಲು ಹೋದೆ. "ಇದೇ ನನ್ನ ಜಾಗ ಇವತ್ತು. ನೀನು ಹೋಗಿ ಬೀಗ್ರಿಗೆ ಪಾಯಸ ಬಂತೋ ಇಲ್ವೋ ನೋಡು" ಎಂದರು.

ಮರುದಿನ ಬೀರು ಹೊರಟಿತು. ಅದನ್ನು ಹೊತ್ತವರು ಹೊಸ್ತಿಲು ದಾಟಿಸಿ ಲಾರಿಗೆ ಏರಿಸಿದರು. ಹೆಂಡತಿ ಅತ್ತಳು, ಮಾವನವರೂ ಊರಿಗೆ ಹೋಗುವ ಬಸ್ಸು ಹಿಡಿದರು. ಲಾರಿ ತಿರುವು ದಾಟುವ ಮೊದಲೇ ಇಂಟರ್ನೆಟ್ಟಿನವನು ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು ಬಂದನು.

"ಟಿಕೆಟ್ ಬಂತ್ರಿ ಸಾರ್. ಎಲ್ಲಿ ಎಳಿಬೇಕು ಹೇಳ್ರಿ."

ಅಗತ್ಯವಿಲ್ಲವೆಂದು ತಿಳಿಸಿದೆ.

"ಹಂಗಾರ ಪ್ರಾಬ್ಲಮ್ ಸಾಲ್ವ್ ಅಂತ ಹಾಕ್ಲ್ಯಾ ಸಾರ್?"

ಹಾಕೆಂದೆ. 

ಅವನು ಹೋದ ಮೇಲೆ ಖಾಲಿಯಾದ ನಡುಮನೆಯಲ್ಲಿ ನಿಂತು, ಮಗಳು ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದ ಓಲಗವನ್ನು ಒತ್ತಿದೆ. ಮೊದಲಿನಿಂದ ಕೊನೆಯವರೆಗೆ, ಪಡಸಾಲೆಯಲ್ಲೂ ಅಡಿಗೆಮನೆಯಲ್ಲೂ, ಒಂದು ಪೆಟ್ಟು ಹಿಂದೆ ಬೀಳದಂತೆ ನುಡಿಯಿತು. ಮತ್ತೊಮ್ಮೆ ಹಾಕಿದೆ. ತಂದೆ ಊದುತ್ತಲೇ ಇದ್ದರು. ಮದುವೆಯ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದ ಹೆಂಡತಿ ಒಳಗಿನಿಂದ ಕೂಗಿದಳು.

"ರೀ, ತಲೆ ಸಿಡೀತೈತೆ. ಒಸಿ ಸಣ್ಣಕ್ಕೆ ಮಾಡ್ರಿ."

ಸಣ್ಣಕ್ಕೆ ಮಾಡಿದೆ. ಡೋಲು ಕೇಳಿಸುತ್ತಿತ್ತು, ನಾಗಸ್ವರ ಕೇಳಿಸುತ್ತಿತ್ತು. ಶ್ರುತಿಗಾಗಿ ಸ್ಪೀಕರಿನ ಪಕ್ಕ ನೆಲದ ಮೇಲೆ ಕುಳಿತು, ಬಟ್ಟೆಗೆ ಕಿವಿ ಇಡಬೇಕಾಯಿತು.